ಖರೇದಿ ಪತ್ರದ ಹೆಚ್ಚುವರಿ ಮಾತುಗಳು

ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ರಾಜಧಾನಿಯಾಗಿದ್ದಿತು. ಅಲ್ಲಿ ದೊರೆತ ತಾಮ್ರಪಟಗಳನ್ನು ಮುಂಬಯಿ ಸಿವಿಲ್ ಸೇವೆಯ ಅಧಿಕಾರಿ ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಕಾಕುಸ್ಥವರ್ಮನ ಪಟದಲ್ಲಿ ಖೇಟಗ್ರಾಮದ ಬದೋವರವೆಂಬ ಹೊಲವು ಸೇನಾಪತಿ ಶ್ರುತಕೀರ್ತಿಗೆ ಸಂದ ಸಂಗತಿ ಕೆಲವೇ ಮಾತುಗಳಲ್ಲಿ ಮುಗಿಯುತ್ತದೆ. ಮುಂದಿನ ಅರಸರ ಪಟಗಳಲ್ಲಿ ವಂಶದ ಹೊಗಳಿಕೆ ಬೆಳೆಯಿತಾದರೂ, ಕೊಟ್ಟದ್ದನ್ನು ಕಸಿದವನಿಗೆ ತಟ್ಟುವ ಪಾಪವನ್ನು ಕಡೆಯಲ್ಲಿ ಬಣ್ಣಿಸಲಾಯಿತಾದರೂ, ಕೊಟ್ಟೆನೆಂಬುದನ್ನು ನಾಲ್ಕು ಬಗೆಯಲ್ಲಿ ಹೇಳುವ ಅಗತ್ಯ ಆ ಬರಹಗಾರರಿಗೆ ಕಾಣಲಿಲ್ಲ.

ಇಂಗ್ಲಿಷ್ ದಸ್ತಾವೇಜು ಬೆಳೆದ ಬಗೆ ಬೇರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ನ್ಯಾಯದ ವ್ಯವಹಾರದಲ್ಲಿ ಲ್ಯಾಟಿನ್, ಫ್ರೆಂಚ್ ಮತ್ತು ದೇಶೀ ಇಂಗ್ಲಿಷ್ ಬೆರೆತುದರಿಂದ, ಒಂದೇ ಅರ್ಥದ ಎರಡು ಭಾಷೆಯ ಪದಗಳನ್ನು ಜೋಡಿಯಾಗಿ ಬರೆಯುವ ರೂಢಿ ಬಲಗೊಂಡಿತು. ಮರಣಶಾಸನಕ್ಕೆ ಹೇಳುವ ‘ವಿಲ್ ಆ್ಯಂಡ್ ಟೆಸ್ಟಮೆಂಟ್’, ಚರಸ್ವತ್ತಿಗೆ ಹೇಳುವ ‘ಗೂಡ್ಸ್ ಆ್ಯಂಡ್ ಚಾಟಲ್ಸ್’ ಈ ಬಗೆಯವು. ಇದಕ್ಕೆ ಹಣದ ಕಾರಣವೂ ಕೂಡಿಕೊಂಡಿತು. ಅಲ್ಲಿಯ ವಕೀಲರ ಸಂಭಾವನೆಯನ್ನು ಪತ್ರದ ಉದ್ದದ ಮೇಲೆ, ಸಾಮಾನ್ಯವಾಗಿ 72 ಪದಗಳ ‘ಫೋಲಿಯೊ’ ಎಂಬ ಅಳತೆಯಲ್ಲಿ ಎಣಿಸುತ್ತಿದ್ದುದರಿಂದ, ಪದ ಕಡಿಮೆ ಮಾಡಿದವನಿಗೆ ನಷ್ಟವೇ ಆಗುತ್ತಿತ್ತು. ಈ ಪದ್ಧತಿಯನ್ನು ಸಡಿಲಿಸಿದ ಸಂಭಾವನೆಯ ಕಾಯಿದೆಯೂ, ವಾಡಿಕೆಯ ಮಾತುಗಳನ್ನು ಬರೆಯದಿದ್ದರೂ ಬರೆದಂತೆಯೇ ಎಂದು ವಿಧಿಸಿದ ಹಸ್ತಾಂತರದ ಕಾಯಿದೆಯೂ 1881ರ ಒಂದೇ ವರ್ಷದಲ್ಲಿ ಬಂದುದು ಕಾಕತಾಳೀಯವಲ್ಲ.

1818ರಲ್ಲಿ ಬ್ರಿಟಿಷರ ವಶವಾಗಿ 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಬೆಳಗಾವಿಗೆ, ಈ ಇಂಗ್ಲಿಷ್ ಮುಂಬಯಿ ಇಲಾಖೆಯ ಕಚೇರಿಗಳ ಮೂಲಕ ಬಂದಿತು. ಊರಿನ ವ್ಯವಹಾರ ಕನ್ನಡದಲ್ಲಿಯೂ ಮೋಡಿ ಲಿಪಿಯ ಮರಾಠಿಯಲ್ಲಿಯೂ ನಡೆದಿದ್ದ ಈ ಸೀಮೆಯಲ್ಲಿ ಉದ್ದನೆಯ ಪಟ್ಟಿ ಹೊಸದೇನೂ ಆಗಿರಲಿಲ್ಲ. ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ ಎಂದು ಸಾಗುವ ಸಾಲು ಸನದುಗಳಿಂದ, ಅಂದರೆ ಅರಸೊತ್ತಿಗೆಯ ದಾನಪತ್ರಗಳಿಂದ ಖಾಸಗಿ ಪತ್ರಗಳಿಗೂ ಇಳಿದು ಬಂದಿತ್ತು. ಆದರೆ ನೀರು, ಮರ, ಹುಲ್ಲು, ಕಲ್ಲು ಬೇರೆಬೇರೆ ವಸ್ತುಗಳು, ಒಂದೊಂದರ ಮೇಲೂ ಬೇರೆ ಹಕ್ಕು ಇರಬಹುದು. ಇಂಗ್ಲಿಷ್ ಪತ್ರದಲ್ಲಿ ಮಾರುವ ಒಂದೇ ಕ್ರಿಯೆಗೆ ಸಾಲಾಗಿ ನಿಲ್ಲುವ ‘ಗ್ರ್ಯಾಂಟ್, ಸೆಲ್, ಕನ್ವೇ, ಅಸೈನ್’ಗಳಿಗೆ ಈ ಸಮರ್ಥನೆ ಅಷ್ಟಾಗಿ ಸಲ್ಲದು.

ಪುನರುಕ್ತಿಯನ್ನು ತಗ್ಗಿಸುವ ದಾರಿಯನ್ನು ಭಾರತದ ಕಾನೂನೇ ತೋರಿಸಿತು. 1882ರ ಸ್ವತ್ತು ಹಸ್ತಾಂತರ ಕಾಯಿದೆ 1893ರ ಜನವರಿ 1ರಿಂದ ಮುಂಬಯಿ ಇಲಾಖೆಗೂ ಅನ್ವಯವಾಯಿತು. ಅದರ 8ನೆಯ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಉದ್ದೇಶ ಕಾಣದಿದ್ದರೆ, ಭೂಮಿಯೊಡನೆ ಅದಕ್ಕೆ ಅಂಟಿದ ಅನುಭೋಗದ ಹಕ್ಕು, ಮುಂದೆ ಬರುವ ಉತ್ಪನ್ನ, ನೆಲಕ್ಕೆ ಬೇರೂರಿದ ಎಲ್ಲವೂ ತಾವಾಗಿಯೇ ಕೊಂಡವನಿಗೆ ಸೇರುತ್ತವೆ. ಮಾರುವ ಅಧಿಕಾರ ತನಗಿದೆಯೆಂದು ಮಾರಿದವನು ಮಾತು ಕೊಟ್ಟಂತೆಯೇ ಎಂದು 55ನೆಯ ಕಲಮು ಎಣಿಸುತ್ತದೆ. ಏಕವಚನದಲ್ಲಿ ಬಹುವಚನವೂ ಅಡಗಿದೆಯೆಂದು 1897ರ ಜನರಲ್ ಕ್ಲಾಸಸ್ ಕಾಯಿದೆ ಹೇಳಿದ್ದರಿಂದ, ಶಾಸನಗಳ ಬರವಣಿಗೆಯಲ್ಲಿಯೂ ಎಷ್ಟೋ ಪದಗಳ ಹೊರೆ ಇಳಿಯಿತು. ಹೀಗಿದ್ದರೂ ಪತ್ರಗಳು ಗಿಡ್ಡವಾಗಲಿಲ್ಲ, ಏಕೆಂದರೆ ದಸ್ತಾವೇಜು ಬರಹಗಾರನು ಹಳೆಯ ಮಾದರಿಯನ್ನು ನೋಡಿ ಹೊಸದನ್ನು ಬರೆಯುತ್ತಾನೆ, ಬಿಟ್ಟ ಪದದಿಂದ ತಂಟೆ ಬಂದರೆ ತಪ್ಪು ಅವನ ತಲೆಗೆ ಬರುತ್ತದೆ, ಹೆಚ್ಚಿಗೆ ಬರೆದುದಕ್ಕೆ ಯಾರೂ ದೂರುವುದಿಲ್ಲ.

ಖಾನಾಪುರದ ಕಾಡಂಚಿನ ಜಮೀನುಗಳ ವಿಷಯದಲ್ಲಿ ಮಾತ್ರ ಈ ಟೀಕೆಯನ್ನು ಎಚ್ಚರದಿಂದ ಮಾಡಬೇಕು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 40ನೆಯ ಕಲಮು, ಆಗಲೇ ಮೋಜಣಿ ಮುಗಿದಿದ್ದ ಹಳ್ಳಿಗಳಲ್ಲಿ ಹೊಲದ ಮರಗಳ ಹಕ್ಕನ್ನು ಹಿಡುವಳಿದಾರನಿಗೆ ಬಿಟ್ಟುಕೊಟ್ಟರೂ, ಸರಕಾರ ತನಗಾಗಿ ಕಾಯ್ದಿರಿಸಿದ ಮರಗಳನ್ನು ಹೊರಗಿಟ್ಟಿತು. ಆದುದರಿಂದ ಒಂದೇ ಹೊಲದ ಮಣ್ಣಿನ ಒಡೆಯನೂ ಅದರಲ್ಲಿಯ ಮರದ ಒಡೆಯನೂ ಬೇರೆಯಾಗಿರಬಹುದಾಗಿದ್ದು, ಅಂಥ ಜಮೀನಿನ ಪತ್ರದಲ್ಲಿ ಮರಗಳ ಮಾತನ್ನು ಪ್ರತ್ಯೇಕವಾಗಿ ಬರೆಯುವುದು ಪುನರುಕ್ತಿಯಾಗುತ್ತಿರಲಿಲ್ಲ.