ನೌಕೆಯಲ್ಲೊಂದು ಖಾಲಿ ಸೀಟು

ಒಡೆದ ನೌಕೆಯಿಂದ ಪಾರಾದ ಅಪ್ಪನೋ ಅಮ್ಮನೋ ಇನ್ನೊಂದು ನೌಕೆಯ ಬಾಗಿಲು ದಾಟಿ ಬರುತ್ತಾರೆ. ಅಲ್ಲಿ ಮಗು ಕಾದಿರುತ್ತದೆ. ವಿಜ್ಞಾನ ಕಥೆಗಳಿಗೂ ಸಿನಿಮಾಗಳಿಗೂ ಚೆನ್ನಾಗಿ ಒಗ್ಗಿದ ದೃಶ್ಯ ಇದು. 1961ರಲ್ಲಿ ಗಗಾರಿನ್ ಹಾರಿದಂದಿನಿಂದ ನಿಜದಲ್ಲಿ ಒಮ್ಮೆಯೂ ಹಾಗಾಗಿಲ್ಲ. ಆದರೆ ಆ ದೃಶ್ಯಕ್ಕೆ ಬೇಕಾದ ಸಲಕರಣೆಗಳು ಒಂದೊಂದಾಗಿ ತಯಾರಾಗುತ್ತ ಬಂದಿವೆ: ಕೆಟ್ಟ ನೌಕೆಗೆ ಬಂದು ಕೂಡಿಕೊಳ್ಳುವ ಇನ್ನೊಂದು ನೌಕೆ, ಅದರಲ್ಲೊಂದು ಖಾಲಿ ಸೀಟು, ದೂರದ ಕೂಗನ್ನು ಕೇಳಿಸಿಕೊಳ್ಳುವ ನೆಲದ ಕಿವಿ. ಈ ಮೂರನೆಯದು ರಾಜಾಜಿನಗರದಿಂದ ಮೆಟ್ರೊ ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಇದೆ.

ಮೊದಲು ಬಂದದ್ದು ಕಾನೂನು, ಸಾಧನವಲ್ಲ. ಗಗನಯಾತ್ರಿಗಳು ಯಾವ ದೇಶದ ನೆಲದಲ್ಲಿ ಬಿದ್ದರೂ ಆ ದೇಶ ನೆರವಾಗಿ ಅವರನ್ನು ಮನೆಗೆ ಕಳಿಸಬೇಕು ಎಂಬ ಅಂತರರಾಷ್ಟ್ರೀಯ ಒಪ್ಪಂದ 1968ರಲ್ಲೇ ಆಯಿತು. ಕಕ್ಷೆಯಲ್ಲೇ ಸಿಲುಕಿದವರನ್ನು ಇಳಿಸಿ ತರುವ ನೌಕೆ ಆಗ ಯಾರ ಬಳಿಯೂ ಇರಲಿಲ್ಲ. 1970ರ ಏಪ್ರಿಲ್‌ನಲ್ಲಿ ಅಪೋಲೊ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ ಮೂವರೂ ಬದುಕಿದ್ದು ಚಂದ್ರನ ಮೇಲಿಳಿಯಬೇಕಿದ್ದ ಪುಟ್ಟ ವಾಹನದಲ್ಲಿ ಮುದುಡಿ ಕುಳಿತು.

ಖಾಲಿ ಸೀಟಿನ ಕಥೆ ಶುರುವಾಗುವುದು 1973ರಲ್ಲಿ. ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಎರಡನೆಯ ತಂಡದ ನೌಕೆಯಲ್ಲಿ ದಿಕ್ಕು ತಿರುಗಿಸುವ ನಾಲ್ಕು ಎಂಜಿನ್ ಗುಂಪುಗಳ ಪೈಕಿ ಎರಡು ಸೋರತೊಡಗಿದವು. ಮೂವರು ಕೂರುವ ಅಪೋಲೊ ನೌಕೆಯನ್ನು ಐವರಿಗೆ ಮಾರ್ಪಡಿಸಿ, ಇಬ್ಬರು ಹೋಗಿ ಮೂವರನ್ನು ಕರೆತರುವ ಯೋಜನೆ ಸಿದ್ಧವಾಯಿತು. ಕೊನೆಗೆ ಅದು ಬೇಕಾಗಲಿಲ್ಲ. ಮೇಲಿದ್ದ ಮೂವರಲ್ಲಿ ಒಬ್ಬ ಓವನ್ ಗ್ಯಾರಿಯಟ್. ಕಿಲಾಡಿ ಮನುಷ್ಯ. ಹೆಂಡತಿಯ ದನಿಯನ್ನು ಮೊದಲೇ ಟೇಪಿನಲ್ಲಿ ತುಂಬಿಕೊಂಡು ಹೋಗಿದ್ದ. ಒಂದು ದಿನ ಅದನ್ನು ರೇಡಿಯೊದಲ್ಲಿ ಕೇಳಿಸಿದ. ಗಂಡಸರಿಗೆ ಬಿಸಿಯೂಟ ತಂದಿದ್ದೇನೆ ಎಂದು ಹೆಣ್ಣುದನಿ ನಿಲ್ದಾಣದಿಂದ ಮಾತಾಡಿದ್ದು ಕೇಳಿ ಹ್ಯೂಸ್ಟನ್ನಿನವರು ತಬ್ಬಿಬ್ಬಾದರು. ಸಂಸಾರವೊಂದು ಕಕ್ಷೆಯಲ್ಲಿ ಸೇರಿದ್ದು ಆ ಕಾಲಕ್ಕೆ ಅಷ್ಟೇ, ಟೇಪಿನಲ್ಲಿ. ಅವನ ಮಗ ರಿಚರ್ಡ್‌ಗೆ ಆಗ 12 ವರ್ಷ.

1975ರ ಅಪೋಲೊ-ಸೊಯುಜ್ ಜೋಡಣೆಯನ್ನು ಶೀತಲ ಸಮರದ ಹಸ್ತಲಾಘವವೆಂದು ನೆನೆಯುವುದು ರೂಢಿ. ನನ್ನ ಮಟ್ಟಿಗೆ ಅಲ್ಲಿ ಮುಖ್ಯವಾದದ್ದು ಬಾಗಿಲು. ಅದುವರೆಗೆ ಒಂದು ನೌಕೆಯದು ಮೊಳೆ, ಇನ್ನೊಂದರದು ಗುಳಿ. ಮೊಳೆಯಿದ್ದ ಎರಡು ನೌಕೆಗಳು ಒಂದಕ್ಕೊಂದು ಕೂಡುವಂತೆಯೇ ಇರಲಿಲ್ಲ. ಎರಡೂ ಬದಿ ಒಂದೇ ಬಗೆಯಾಗಿರುವ ಕೊಂಡಿ ಆಗ ಬಂತು. ಯಾರ ನೌಕೆ ಕೆಟ್ಟರೂ ಮತ್ತೊಬ್ಬರು ಹೋಗಿ ಕೂಡಿಕೊಳ್ಳಬಹುದು ಎಂಬ ಆಸೆಗೆ ಲೋಹದ ರೂಪ ಸಿಕ್ಕಿದ್ದು ಅಲ್ಲಿ.

ಮಿರ್ ನಿಲ್ದಾಣದ ಸೆರ್ಗೈ ಕ್ರಿಕಲೆವ್ ಕಥೆ ಎಲ್ಲರಿಗೂ ಗೊತ್ತು: 1991ರ ಮೇ ತಿಂಗಳಲ್ಲಿ ಸೋವಿಯತ್ ಪ್ರಜೆಯಾಗಿ ಮೇಲೆ ಹೋದವನು 1992ರ ಮಾರ್ಚ್‌ನಲ್ಲಿ ಇಳಿಯುವಷ್ಟರಲ್ಲಿ ಆ ದೇಶವೇ ಇರಲಿಲ್ಲ. ಮನೆಯಲ್ಲಿ ಪುಟ್ಟ ಮಗಳಿದ್ದಳು. 'ಅಂತರಿಕ್ಷದಲ್ಲಿ ಪರಿತ್ಯಕ್ತ' ಎಂದು ಬರೆಯುವವರು ಸ್ವಲ್ಪ ಉಪ್ಪುಖಾರ ಹಚ್ಚುತ್ತಾರೆ. ಮಿರ್‌ಗೆ ಸೊಯುಜ್ ನೌಕೆ ಕಟ್ಟಿಕೊಂಡೇ ಇತ್ತು, ಇಳಿಯಬೇಕೆಂದರೆ ಇಳಿಯಬಹುದಿತ್ತು. ಇಳಿದರೆ ನಿಲ್ದಾಣ ಅನಾಥವಾಗುತ್ತಿತ್ತು, ಅಷ್ಟೇ. ಅವನೊಂದಿಗೆ ಕೊನೆಯ ತಿಂಗಳುಗಳನ್ನು ಕಳೆದು ಜೊತೆಗೇ ಇಳಿದವನು ಅಲೆಕ್ಸಾಂಡರ್ ವೋಲ್ಕೊವ್.

ಈ ಎರಡು ಎಳೆಗಳು 2008ರ ಅಕ್ಟೋಬರ್‌ನಲ್ಲಿ ಕೂಡಿದವು. ಅಂತರರಾಷ್ಟ್ರೀಯ ನಿಲ್ದಾಣದ ನಾಯಕನಾಗಿದ್ದವನು ವೋಲ್ಕೊವ್‌ನ ಮಗ ಸೆರ್ಗೈ. ಕಂಪ್ಯೂಟರ್ ಆಟಗಳಲ್ಲಿ ದುಡಿದ ಹಣ ಕೊಟ್ಟು ಅಲ್ಲಿಗೆ ಬಂದ ಅತಿಥಿ ರಿಚರ್ಡ್ ಗ್ಯಾರಿಯಟ್. ಅಪ್ಪಂದಿರ ದಾರಿ ಹಿಡಿದ ಇಬ್ಬರು ಮಕ್ಕಳು ಒಂದೇ ಸೊಯುಜ್‌ನಲ್ಲಿ ಕಜಕಿಸ್ತಾನಕ್ಕೆ ಇಳಿದರು. ಅಲ್ಲಿ ಮಗನಿಗಾಗಿ ಕಾದಿದ್ದವನು ಓವನ್. 35 ವರ್ಷ ಹಿಂದೆ ಯಾರನ್ನು ಕರೆತರಲು ನೌಕೆ ಸಿದ್ಧವಾಗಿತ್ತೋ ಅದೇ ಮನುಷ್ಯ. ನಮ್ಮ ಕಲ್ಪನೆಯ ದೃಶ್ಯಕ್ಕೆ ಚರಿತ್ರೆ ಇದಕ್ಕಿಂತ ಹತ್ತಿರ ಬಂದಿಲ್ಲ. ಹೆತ್ತವರೂ ಮಕ್ಕಳೂ ಒಟ್ಟಿಗೇ ಹಾರಿದ್ದು ಆಮೇಲೆ, 2021ರಲ್ಲಿ ತಂದೆಯೊಬ್ಬನ ಜೊತೆ ಅವನ ಸಂತಾನ, 2023ರಲ್ಲಿ ತಾಯಿ-ಮಗಳು. ಆದರೆ ಅವು ಜಾತ್ರೆಯ ತೊಟ್ಟಿಲು ಹತ್ತಿಳಿದಂತೆ ಕೆಲವು ನಿಮಿಷಗಳ ಪ್ರವಾಸ.

ನಡುವೆ 2003ರ ಫೆಬ್ರವರಿ 1 ಇದೆ. ಕಲ್ಪನಾ ಚಾವ್ಲಾ ಸೇರಿ ಏಳು ಜನರಿದ್ದ ಕೊಲಂಬಿಯಾ ಶಟಲ್‌ಗಾಗಿ ಕೆನಡಿ ಕೇಂದ್ರದಲ್ಲಿ ಮನೆಯವರು ಕಾದಿದ್ದರು. ಇಳಿಯುವ ದಾರಿಯಲ್ಲೇ ಒಡೆದ ಅದು ಬರಲೇ ಇಲ್ಲ. ರೆಕ್ಕೆಯ ಗಾಯ ಮೊದಲೇ ಖಚಿತವಾಗಿದ್ದರೆ ಅಟ್ಲಾಂಟಿಸ್ ನೌಕೆಯನ್ನು ಅವಸರದಲ್ಲಿ ಕಳಿಸಿ ಉಳಿಸುವುದು ಕಷ್ಟವಾದರೂ ಸಾಧ್ಯವಿತ್ತು ಎಂದು ತನಿಖೆಯ ವರದಿ ಹೇಳಿತು. ಆ ಬಳಿಕ ರಕ್ಷಣೆಯ ನೌಕೆಯ ಲೆಕ್ಕವಿಲ್ಲದೆ ಶಟಲ್ ಹಾರಲಿಲ್ಲ. 2009ರಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಅಟ್ಲಾಂಟಿಸ್ ಹೊರಟಾಗ ಪಕ್ಕದ ಉಡಾವಣಾ ವೇದಿಕೆಯಲ್ಲಿ ಎಂಡೆವರ್ ಸಜ್ಜಾಗಿ ನಿಂತಿತ್ತು. ಈ ಕ್ಷೇತ್ರದಲ್ಲಿ ಪ್ರತಿ ಹೆಜ್ಜೆಯೂ ಪೆಟ್ಟು ತಿಂದ ಮೇಲಿನದು.

ಈಚಿನ ಪ್ರಕರಣಗಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಸಾರಿಗೆ ವ್ಯವಸ್ಥೆಯಾಗಿಬಿಟ್ಟಿದೆ. 2022ರ ಡಿಸೆಂಬರ್‌ನಲ್ಲಿ ಸೊಯುಜ್ ಒಂದರ ತಂಪುದ್ರವ ಸೋರಿದಾಗ ಮುಂದಿನ ಸೊಯುಜ್ ಖಾಲಿಯಾಗಿ ಮೇಲೆ ಹೋಯಿತು. ಆರು ತಿಂಗಳಿಗೆಂದು ಹೋಗಿದ್ದ, ನಾಲ್ಕು ಮಕ್ಕಳ ತಂದೆ ಫ್ರಾಂಕ್ ರುಬಿಯೊ ಇಳಿದದ್ದು 371 ದಿನಗಳ ಬಳಿಕ. ಹೋದ ನೌಕೆ ಕೈಕೊಟ್ಟು ನಿಲ್ದಾಣದಲ್ಲೇ ಉಳಿದ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಇಬ್ಬರಿಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಡ್ರ್ಯಾಗನ್ ನೌಕೆ ಎರಡು ಸೀಟು ಖಾಲಿ ಬಿಟ್ಟುಕೊಂಡು ಹೋಯಿತು. ಅದನ್ನು ನಡೆಸಿದ ನಿಕ್ ಹೇಗ್ 2018ರಲ್ಲಿ ರಾಕೆಟ್ ಕೈಕೊಟ್ಟು, ಪಾರಾಗುವ ವ್ಯವಸ್ಥೆಯಿಂದ ಜೀವ ಉಳಿಸಿಕೊಂಡವನು.

ಈಗ ಆ ನೆಲದ ಕಿವಿಯಿರುವ ಪೀಣ್ಯಕ್ಕೆ ಬರೋಣ. ಅಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವನ್ನೂ ಕೆಂಗೇರಿಯಾಚೆ ಬ್ಯಾಲಾಳಿನಲ್ಲಿರುವ 32 ಮೀಟರ್ ಅಗಲದ ಆಂಟೆನಾವನ್ನೂ ನಾವು ಚಂದ್ರಯಾನದ ಹೊತ್ತಿಗೆ ಟಿವಿಯಲ್ಲಿ ನೋಡಿ ಮರೆಯುತ್ತೇವೆ. ಇಸ್ಟ್ರ್ಯಾಕ್‌ನೊಳಗೆ ಹಗಲೂ ರಾತ್ರಿ ಎಚ್ಚರವಿರುವ ಇನ್ನೊಂದು ಕೋಣೆಯಿದೆ. 1982ರಲ್ಲಿ ಸೋವಿಯತ್ ಉಪಗ್ರಹವೊಂದು ಕೆನಡಾದಲ್ಲಿ ಬಿದ್ದ ಪುಟ್ಟ ವಿಮಾನದ ಕೂಗು ಹಿಡಿದು ಮೂವರನ್ನು ಉಳಿಸಿದ ಕೊಸ್ಪಾಸ್-ಸಾರ್ಸ್ಯಾಟ್ ಜಾಲದ ಭಾರತೀಯ ಕೇಂದ್ರ ಅದು. ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ತಾಂಜಾನಿಯಾದ ಕೂಗುಗಳೂ ಅಲ್ಲಿಗೇ ಬರುತ್ತವೆ. ಮೀನುಗಾರರು ಬೋಟಿನಲ್ಲಿಟ್ಟುಕೊಳ್ಳುವ ಆಪತ್ಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಪೀಣ್ಯಕ್ಕೆ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ. 2024ರಲ್ಲಿ ಬಂದ ಹೊಸ ಮಾದರಿ 'ನಿಮ್ಮ ಕೂಗು ಕೇಳಿದೆ' ಎಂದು ಮರುಸಂದೇಶವನ್ನೂ ಕೊಡುತ್ತದೆ. ಅಂತರಿಕ್ಷದ ಸಾಧನ ಅಪ್ಪನನ್ನು ಮಕ್ಕಳ ಬಳಿಗೆ ತಲುಪಿಸುವುದು ನಮ್ಮಲ್ಲಿ ಈ ರೂಪದಲ್ಲಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಏಳು ಮಂದಿಯೊಂದಿಗೆ ಸಂಪರ್ಕ ಕಡಿದುಕೊಂಡ 'ಸುವರ್ಣ ತ್ರಿಭುಜ'ದ ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಾಲ್ವಣ್ ಬಳಿ. ಅಂಥ ಮನೆಗಳಿಗೆ ಈ ಯಂತ್ರದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮನುಷ್ಯರನ್ನು ಕಳಿಸುವ ಸರದಿ ನಮ್ಮದೂ ಹತ್ತಿರವಾಗಿದೆ. ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಿಂದ ಹಿಂತಿರುಗಿದ ಮೇಲೆ ಬರೆದುಕೊಂಡಂತೆ, ಹಾರುವ ಮೊದಲಿನ ಪ್ರತ್ಯೇಕವಾಸದಲ್ಲಿ ಮನೆಯವರು ಎಂಟು ಮೀಟರ್ ದೂರ ನಿಲ್ಲಬೇಕಿತ್ತು. ಕೈಯಲ್ಲಿ ರೋಗಾಣುಗಳಿವೆ, ಅಪ್ಪನನ್ನು ಮುಟ್ಟಬಾರದು ಎಂದಿದ್ದಕ್ಕೆ ಪುಟ್ಟ ಮಗ ಬಂದಾಗಲೆಲ್ಲ ಕೈ ತೊಳೆದುಕೊಳ್ಳಲೇ ಎಂದು ಅಮ್ಮನನ್ನು ಕೇಳುತ್ತಿದ್ದನಂತೆ. ಗಗನಯಾನದಲ್ಲಿ ಪಾರಾಗುವ ವ್ಯವಸ್ಥೆಯ ಮೊದಲ ಹಾರಾಟ ಪರೀಕ್ಷೆ 2023ರ ಅಕ್ಟೋಬರ್ 21ರಂದು ನಡೆಯಿತು. ಅದು ಮೇಲೇರುವಾಗಿನ ಅವಘಡಕ್ಕೆ ಮಾತ್ರ. ಕಕ್ಷೆ ಸೇರಿದ ಮೇಲೆ ನೌಕೆ ಕೆಟ್ಟರೆ ಇನ್ನೊಂದು ನೌಕೆ ಹೋಗಿ ಕೂಡಬೇಕು. ಆ ವಿದ್ಯೆಯ ಮೊದಲ ಪಾಠ ಸ್ಪೇಡೆಕ್ಸ್. 2025ರ ಜನವರಿ 16ರಂದು ಎರಡು ಪುಟ್ಟ ಉಪಗ್ರಹಗಳನ್ನು ಬೆಂಗಳೂರಿನಿಂದಲೇ ನಡೆಸಿ ಜೋಡಿಸಲಾಯಿತು, ಎರಡೂ ಬದಿ ಒಂದೇ ಬಗೆಯ ಕೊಂಡಿಯಿಂದ. ಪ್ರತಿಷ್ಠೆಯ ಲೆಕ್ಕದಲ್ಲಿ ನಾವು ನಾಲ್ಕನೆಯ ದೇಶವೆಂದು ಹಿಗ್ಗಿದೆವು. ರಕ್ಷಣೆಯ ಲೆಕ್ಕದಲ್ಲಿ ಕೆಲಸ ಇನ್ನೂ ಅರ್ಧ ದಾರಿಯಲ್ಲಿದೆ. ಸ್ಪೇಡೆಕ್ಸ್ ಕೊಂಡಿಯ ಅಗಲ 450 ಮಿಲಿಮೀಟರ್. ಮನುಷ್ಯರು ದಾಟುವ ಅಂತರರಾಷ್ಟ್ರೀಯ ಮಾದರಿಯದು 800.