ಜಿಪಿಐಒ ನಿಯಂತ್ರಣ, ಲಿನಕ್ಸ್‌ನಲ್ಲಿ

ಏಕಫಲಕ ಕಂಪ್ಯೂಟರಿನ ಜಿಪಿಐಒ (ಸಾಮಾನ್ಯ ಬಳಕೆಯ ಇನ್‌ಪುಟ್-ಔಟ್‌ಪುಟ್) ಪಿನ್ನುಗಳ ಮೂಲಕ ಹೊರಗಿನ ಸಾಧನಗಳ ಸ್ಥಿತಿಯನ್ನು ಓದುವ, ಅವುಗಳಿಗೆ ಸಂಕೇತ ಕಳಿಸುವ ವಿಧಾನ. ರಾಸ್ಪ್‌ಬೆರಿ ಪೈ ಎಂಬ ಇಂಥ ಕಂಪ್ಯೂಟರಿನ 40 ಪಿನ್ನುಗಳಲ್ಲಿ ಕೆಲವು ವಿದ್ಯುತ್ತಿಗೂ ಗ್ರೌಂಡಿಗೂ ಮೀಸಲು, ಉಳಿದವು 3.3 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಅವುಗಳಿಗೆ ನೇರವಾಗಿ 5 ವೋಲ್ಟ್ ಕೊಟ್ಟರೆ ಚಿಪ್ ಕೆಡಬಹುದು.

ತಂತ್ರಾಂಶ: ಮೊದಲು ಕರ್ನೆಲ್ ಒದಗಿಸುವ ಸಿಸ್‌ಎಫ್‌ಎಸ್ ಕಡತಗಳಲ್ಲಿ ಪಿನ್ ಸಂಖ್ಯೆ ಬರೆದು ನಿಯಂತ್ರಿಸುತ್ತಿದ್ದರು. 2016ರ ಲಿನಕ್ಸ್ 4.8ರಿಂದ ಪ್ರತಿ ಜಿಪಿಐಒ ಚಿಪ್ಪಿಗೂ ಒಂದು ಸಾಧನ ಕಡತವಿದೆ. ಒಂದು ಪ್ರೋಗ್ರಾಂ ಕೇಳಿ ಪಡೆದ ಲೈನು (ಅಂದರೆ ಚಿಪ್ಪಿನ ಒಂದು ಪಿನ್) ಇನ್ನೊಂದಕ್ಕೆ ಸಿಗದು; ಪ್ರೋಗ್ರಾಂ ಮುಗಿದೊಡನೆ ಲೈನು ತಾನಾಗಿ ಬಿಡುಗಡೆಯಾಗುತ್ತದೆ. ಈ ಕಡತಗಳನ್ನು ಬಳಸುವ ಲಿಬ್‌ಜಿಪಿಐಒಡಿ ತಂತ್ರಾಂಶದ ‘ಜಿಪಿಐಒಇನ್ಫೊ’ ಲೈನುಗಳನ್ನು ಪಟ್ಟಿ ಮಾಡುತ್ತದೆ, ‘ಜಿಪಿಐಒಗೆಟ್’ ಓದುತ್ತದೆ, ‘ಜಿಪಿಐಒಸೆಟ್’ ಬರೆಯುತ್ತದೆ. ‘ಜಿಪಿಐಒಸೆಟ್’ ಮುಗಿದ ಮೇಲೆ ಲೈನಿನ ಸ್ಥಿತಿ ಹಾಗೇ ಉಳಿಯುವ ಖಾತರಿಯಿಲ್ಲ. ಹೀಗಾಗಿ ನಿಯಂತ್ರಣ ಬೇಕಿರುವಷ್ಟು ಕಾಲ ಪ್ರೋಗ್ರಾಂ ಓಡುತ್ತಲೇ ಇರಬೇಕು.

ಬಳಕೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರೇಷ್ಮೆ ಸೀಮೆಯ ತಾಲ್ಲೂಕುಗಳು. ಇಲ್ಲಿನ ರೇಷ್ಮೆ ಹುಳು ಸಾಕಣೆ ಮನೆಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಚಾಕಿ (ಎಳೆಯ) ಹುಳುವಿಗೆ ಸುಮಾರು 27 ಡಿಗ್ರಿ ಸೆಲ್ಸಿಯಸ್, ಶೇ 85ರಷ್ಟು ತೇವ ಬೇಕು. ಬೆಳೆದ ಹುಳುವಿನ ಐದನೇ ಹಂತದಲ್ಲಿ ಸುಮಾರು 24 ಡಿಗ್ರಿ, ಶೇ 70 ಸಾಕು. ಡಿಎಚ್‌ಟಿ22 ತಾಪ-ತೇವ ಸಂವೇದಕವನ್ನು ಒಂದು ಪಿನ್ನಿಗೆ ಜೋಡಿಸಿದರೆ ಕರ್ನೆಲ್‌ನ ಐಐಒ (ಸಂವೇದಕಗಳ ಉಪವ್ಯವಸ್ಥೆ) ಚಾಲಕವೇ ಅದನ್ನು ಓದುತ್ತದೆ. ತೇವ ಇಳಿದಾಗ ಇನ್ನೊಂದು ಪಿನ್ ರಿಲೇ ಮೂಲಕ ಹ್ಯುಮಿಡಿಫೈಯರ್ ಚಾಲೂ ಮಾಡುತ್ತದೆ. ಪಿನ್ನಿನಿಂದ ಸಿಗುವುದು ಕೆಲವೇ ಮಿಲಿಆಂಪಿಯರ್. ಆದ್ದರಿಂದ ರಿಲೇಗೆ ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಬೇಕು.