ಮೋವಾ ಹಕ್ಕಿಯ ಮೂಳೆ ನುಡಿದ ಸಾಕ್ಷಿ

ಕೋಟನೂರಿನಿಂದ ಕಲಬುರಗಿಗೆ ಬಂದಾಗ ನೀವು ಬಹಮನಿ ಕೋಟೆಯನ್ನು ನೋಡಿರುತ್ತೀರಿ. 1347ರಲ್ಲಿ ಅಲಾವುದ್ದೀನ್ ಹಸನನು ಈ ಊರನ್ನು ರಾಜಧಾನಿ ಮಾಡಿಕೊಂಡನು. ಅದೇ ಶತಮಾನದಲ್ಲಿ, ಕಡಲಾಚೆಯ ನ್ಯೂಜಿಲೆಂಡ್ ದ್ವೀಪಗಳಲ್ಲಿ, ಮೋವಾ ಎಂಬ ರೆಕ್ಕೆಯಿಲ್ಲದ ಹಕ್ಕಿಗಳು ಅಳಿಯುತ್ತಿದ್ದುವು. ಅವುಗಳಲ್ಲಿ ದೊಡ್ಡ ಜಾತಿಯ ಹೆಣ್ಣು ಇನ್ನೂರು ಕಿಲೋಗ್ರಾಂ ತೂಗುವುದುಂಟು. ಗಂಡು ಅದರ ಅರ್ಧವೂ ಇಲ್ಲ. ಹಿಂದಿನ ವಿದ್ವಾಂಸರು ಗಂಡುಹೆಣ್ಣುಗಳನ್ನೇ ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದರು! 2003ರಲ್ಲಿ ಡಿ.ಎನ್.ಎ. ಪರೀಕ್ಷೆಯು ಆ ಭ್ರಮೆಯನ್ನು ಬಿಡಿಸಿತು.

ಪಾಲಿನೇಷಿಯದ ನಾವಿಕರು ಅಲ್ಲಿ ಇಳಿದದ್ದು 13ನೆಯ ಶತಮಾನದ ಕೊನೆಯ ಹೊತ್ತಿಗೆ. ಸುಮಾರು ಎರಡು ಶತಮಾನಗಳೊಳಗೆ ಮೋವಾದ ಒಂಬತ್ತು ಜಾತಿಗಳೂ ಇಲ್ಲವಾದುವು. ಅವು ಮೊದಲೇ ಕ್ಷೀಣಿಸುತ್ತಿದ್ದುವು, ಮನುಷ್ಯನು ನೆಪಮಾತ್ರ ಎಂಬ ವಾದವೂ ಇತ್ತು. ಸಂತತಿ ಕುಗ್ಗಿದರೆ ವಂಶಧಾತುವಿನ ವೈವಿಧ್ಯವೂ ಕುಗ್ಗಬೇಕಷ್ಟೆ. ಮಾರ್ಟನ್ ಅಲೆಂಟಾಫ್ಟ್ ಮೊದಲಾದವರು ನಾಲ್ಕು ಜಾತಿಗಳ 281 ಹಕ್ಕಿಗಳ ಮೂಳೆಗಳನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಮನುಷ್ಯನು ಬರುವುದಕ್ಕೆ ಮುಂಚಿನ ನಾಲ್ಕು ಸಾವಿರ ವರ್ಷಗಳಲ್ಲಿ ಕುಗ್ಗಿದ ಗುರುತೇ ಇಲ್ಲ. ಆ ವಾದಕ್ಕೆ ಇನ್ನು ಬಲವೆಲ್ಲಿ?

ಮೋವಾ ಬೆಳೆದು ಮರಿಮಾಡಲು ಹಲವು ವರ್ಷ ಹಿಡಿಯುತ್ತಿತ್ತು. ತಾಯಿಯೊಡನೆ ಮೊಟ್ಟೆಯೂ ಒಲೆಗೆ ಹೋದರೆ ಆ ನಷ್ಟ ತುಂಬುವಂತಿಲ್ಲ. ಅಲ್ಲಿಯ ಹಳೆಯ ಬೀಡುಗಳ ಒಲೆಗುಂಡಿಗಳ ಬಳಿ ಮೂಳೆಗಳ ಜೊತೆಗೆ ಮೊಟ್ಟೆಯ ಚಿಪ್ಪುಗಳೂ ದೊರೆತಿವೆ.